ಮೊದೆಸ್ತನಿಗೆ ಒಂದು ತಟ್ಟೆ

ಫಿಲೋಮಿನ್ ಅತ್ತೆ ಮೂರನೇ ಕಡ್ಡಿ ಗೀರುವಷ್ಟರಲ್ಲಿ ಸೆಲಿನ್ ಅವಳ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡಳು. ಅಪ್ಪನ ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು. ಪಕ್ಕದಲ್ಲಿ ಅತ್ತೆ ಜೋಡಿಸಿದ್ದ ಸೌದೆ ಚಕ್ಕೆಗಳು, ಅದರಾಚೆ ಅಪ್ಪನ ತಟ್ಟೆ: ಮೂಸ್ ಜಿಂಕೆಯ ಮಾಂಸ, ಒಣಮೀನು, ಒಂದು ತುಂಡು ರೊಟ್ಟಿ.

“ಕೊಡೇ ಇಲ್ಲಿ. ನಿಮ್ಮಪ್ಪ ಬರಿಹೊಟ್ಟೇಲಿ ಹೋಗ್ಬೇಕಾ?”

“ಬೆಂಕಿ ಹಚ್ಚೋ ಹಾಗಿಲ್ಲ ಅತ್ತೆ. ಒಂದು ಕಿಡಿ ಹಾರಿದ್ರೆ ಊರೇ ಹೋಗುತ್ತೆ.”

“ಯಾರು ಹೇಳಿದ್ದು?”

“ಬೆಂಕಿ ಹಚ್ಚಬಾರದು ಅನ್ನೋ ಸರ್ಕಾರಿ ಕಾಗದಾನ ಅಂಗಡಿ ಬಾಗಿಲಿಗೆ ಅಂಟಿಸಿದ್ದೇ ನಾನು.”

“ಇಡೀ ಕಾಡು ನುಂಗಿದ ಬೆಂಕಿ ನಿನ್ನ ಕಾಗದಕ್ಕೆ ಹೆದರಿತೇನೇ? ಕಾಯ್ದೆಯೆಲ್ಲಾ ನನಗೊಬ್ಬಳಿಗೇ!”

ಅತ್ತೆಯ ಮಗ ಬೋನಿಫಾಸ್ ಗುದ್ದಲಿ ಊರಿಕೊಂಡು ನಿಂತಿದ್ದ. “ಮುಂಚೆ ಗುಂಡಿ ತೋಡೋಕೆ ಎರಡು ದಿನ ಬೇಕಿತ್ತು, ಕೆಳಗೆಲ್ಲ ಹೆಪ್ಪುಗಟ್ಟಿ ಕಬ್ಬಿಣದಂತಾದ ಮಣ್ಣು. ಇವತ್ತು ಊಟದ ಹೊತ್ತಿಗೆ ಮುಗೀತು,” ಎಂದ.

ಉತ್ತರದ ಹಿಮನಾಡಿನ ಮೆಕೆಂಜಿ ನದಿ ದಂಡೆಯ ಆ ಊರಲ್ಲೂ ಎರಡು ವಾರದಿಂದ ಮೂವತ್ತಾರು ಡಿಗ್ರಿ ಬಿಸಿಲು. ಮೂವತ್ತೊಂದು ವರ್ಷ ಮನೆಮನೆಗೆ ನೀರಿನ ಲಾರಿ ಓಡಿಸಿದ ಅಪ್ಪ ಮೊದೆಸ್ತ್, ಕಾಡ್ಗಿಚ್ಚಿನ ಹೊಗೆಯಲ್ಲಿ ಉಸಿರು ಸಿಗದೆ ಲಾರಿಯ ಮೆಟ್ಟಿಲ ಮೇಲೆಯೇ ಕುಸಿದಿದ್ದ. ಬೆಂಕಿಪಡೆಯಲ್ಲಿದ್ದ ಸೆಲಿನ್ ಆಗ ಕಾಡಿನಲ್ಲಿ ಬೆಂಕಿ ಆರಿಸುತ್ತಿದ್ದಳು. ಸಾಯುವಾಗ ಜೊತೆಗಿರಲಿಲ್ಲ, ಈಗ ಉಣ್ಣಲೂ ಬಿಡುತ್ತಿಲ್ಲ. ಸತ್ತವರಿಗೆ ಊಟ ಮುಟ್ಟುವುದು ಬೆಂಕಿಯ ಬಾಯಿಂದಲೇ. ಅದು ಗೊತ್ತಿಲ್ಲದ ಕೂಸು ಅವರ ದೆನೆ ಬುಡಕಟ್ಟಿನಲ್ಲೇ ಇಲ್ಲ.

*

ಅಜ್ಜಿ ಸತ್ತಾಗ ಸೆಲಿನ್‌ಗೆ ಏಳು ವರ್ಷ. ಉರಿಯ ಮುಂದೆ ನಿಂತು, ತನ್ನ ತಟ್ಟೆಯಿಂದ ಮೂಳೆಯೊಂದನ್ನು ಆರಿಸಿ ಎಸೆಯಹೋದಳು.

“ಅಯ್ಯೋ ಜಿಪುಣಿ, ಅಜ್ಜಿಗೆ ಹಲ್ಲೆಲ್ಲಿದೆ?” ಅಪ್ಪ ಕೈ ಹಿಡಿದ. “ನಿನಗೆ ಯಾವುದು ಇಷ್ಟವೋ ಅದನ್ನೇ ಹಾಕು.”

ಕೊಬ್ಬಿದ್ದ ತುಂಡನ್ನು ಅವಳು ಅಳುತ್ತಲೇ ಹಾಕಿದಳು. ಅಪ್ಪ ತನ್ನ ಪಾಲನ್ನು ಅವಳ ತಟ್ಟೆಗೆ ಜಾರಿಸಿದ.

“ದೂರದ ದಾರಿ, ಮಗಳೇ. ನಾವು ಉಣಿಸದಿದ್ರೆ ಇನ್ಯಾರು ಉಣಿಸ್ತಾರೆ?”

*

“ಮನೆ ಒಲೇಲಿ ಹಾಕಿದ್ರೆ?” ಎಂದ ಬೋನಿಫಾಸ್.

“ಮುಚ್ಚಳ ಹಾಕಿದ ಒಲೇಲಿ ಯಾರಾದ್ರೂ ಸತ್ತೋರಿಗೆ ಬಡಿಸ್ತಾರೇನೋ, ಪೆದ್ದ?” ಎನ್ನುತ್ತ ಅತ್ತೆ ನೆಲದ ಮೇಲೆ ಕೂತುಬಿಟ್ಟಳು. ಅವಳು ಸದ್ದಿಲ್ಲದೆ ಅಳತೊಡಗಿದಳು. ಬೈದಿದ್ದರೆ ಸೆಲಿನ್ ಹೇಗೋ ತಡೆದುಕೊಳ್ಳುತ್ತಿದ್ದಳು.

“ಬೆಂಕಿ ಹಚ್ಚಬಾರದು ಅಂತ ತಾನೆ ಕಾಗದದಲ್ಲಿರೋದು?” ಎಂದಳು ಕೊನೆಗೆ. “ಆಗಲೇ ಹೊತ್ತಿ ಉರೀತಿರೋ ಬೆಂಕಿಗೆ ಬಡಿಸಬಾರದು ಅಂತೇನೂ ಇಲ್ಲವಲ್ಲ. ಏಳು ಅತ್ತೆ, ತಟ್ಟೆ ತಗೋ.”

ದುಃಖಕ್ಕೆಂದು ಉಟ್ಟ ಕರಿ ಉಡುಪಿನ ಮೇಲೆಯೇ ಬೆಂಕಿ ಆರಿಸುವ, ಕೊಳವೆಯಿದ್ದ ನೀರಿನ ಚೀಲವನ್ನು ಬೆನ್ನಿಗೇರಿಸಿಕೊಂಡಳು. ವಿಮಾನ ಇಳಿಯುವ ಬಯಲಿನ ಆಚೆ, ನಾಳೆ ಆರಿಸಬೇಕೆಂದು ಅವಳೇ ಕೆಂಪು ಪಟ್ಟಿ ಕಟ್ಟಿ ಬಂದಿದ್ದ ಜಾಗವಿತ್ತು. ಅಲ್ಲಿ ಪಾಚಿಯಡಿ ಬೇರುಗಳು ಒಳಗೊಳಗೇ ಉರಿಯುತ್ತಿದ್ದವು. ಮಂಡಿಯೂರಿ ಪಾಚಿ ಸರಿಸಿದಳು. ಕೆಂಡ ಕಂಡಿತು. ಅಪ್ಪನ ಉಸಿರು ಕಿತ್ತ ಬೆಂಕಿಯೇ ಅದು.

“ನೀನು ತಿನ್ಬೇಡ, ಹಾಳಾದ್ದೇ. ಅಪ್ಪನಿಗೆ ಮುಟ್ಟಿಸು,” ಎಂದು ಮಾಂಸವಿಟ್ಟಳು. ಕೊಬ್ಬು ಚುರ್ ಎಂದಿತು.

“ಉಣ್ಣೋ ಮೊದೆಸ್ತ್,” ಅತ್ತೆ ಪಕ್ಕದಲ್ಲಿ ಕೂತು ರೊಟ್ಟಿ ಮುರಿದಳು. “ಮಗಳು ಬಂದಿದಾಳೆ ನೋಡು. ನಿಧಾನ ಉಣ್ಣು.”

ಅಷ್ಟರಲ್ಲಿ ಗಾಳಿ ಊರಿನ ಕಡೆ ತಿರುಗಿತು. ಸೆಲಿನ್ ಎದ್ದು ನಿಂತಳು.

“ಸಾಕಾ ಅತ್ತೆ?”

“ಇರೇ, ಇನ್ನೂ ಮೀನಿದೆ.”

ಅವಳು ಕೊಳವೆಯ ಬಾಯನ್ನು ಕೆಂಡದತ್ತ ಹಿಡಿದು, ಬೆರಳು ಒತ್ತದೆ, ಅಪ್ಪ ಉಂಡು ಮುಗಿಸಲೆಂದು ಕಾಯುತ್ತ ನಿಂತಳು.