ಇಪ್ಪತ್ತು ತುಂಬಿದ ಮಗಳು

"ಉಸಿರು ಬಿಡಬೇಡ, ಕೆನ್ನೆ ಅಲುಗುತ್ತೆ," ಎಂದುಬಿಟ್ಟ, ಊರೆಲ್ಲ 'ಎರಡನೇ ಕುರ್ಚಿ' ಎಂದು ಕರೆಯುವ ಜೊತೆಗಾರ, ನಲವತ್ತು ವರ್ಷದ ಅಭ್ಯಾಸಬಲದಿಂದ. ಕತ್ತಿ ಹೆಣದ ಗಲ್ಲದ ಮೇಲಿತ್ತು. ಅಳುತ್ತಿದ್ದವರೆಲ್ಲ ಒಂದು ಗಳಿಗೆ ಅಳು ನಿಲ್ಲಿಸಿದರು. ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದರು.

ಸತ್ತವನು ಕ್ಷೌರಿಕ. ಆ ಊರಿನಲ್ಲಿ ಅವನೆದುರು ತಲೆ ಬಗ್ಗಿಸದ ಗಂಡಸೇ ಇರಲಿಲ್ಲ. ನ್ಯಾಯಾಧೀಶರೂ ಬಗ್ಗಿಸಿದರು, ಕಳ್ಳರೂ ಬಗ್ಗಿಸಿದರು, ಒಂದು ಸಲವಂತೂ ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ. ಅವನ ಕತ್ತರಿಯ ಸದ್ದಿಗೆ ಮೂರು ಬೀದಿಯಾಚೆಯ ಮಕ್ಕಳು ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದವು. ಬಾಯಿಯೋ ಕತ್ತರಿಗಿಂತ ಹರಿತ. ಅಂಗಡಿಯಲ್ಲಿ ಕೂದಲು ಬಿಟ್ಟುಹೋದವರು ನೂರು ಜನವಾದರೆ, ಅವನ ಕತೆ ಕೇಳುತ್ತಾ ಮೈಮರೆತು ಕೂದಲು ಹೊತ್ತುಕೊಂಡೇ ಮನೆಗೆ ಹೋದವರು ಇನ್ನೂರು. ಪಕ್ಕದ ಕುರ್ಚಿಯಲ್ಲಿ ಜೊತೆಗೆ ದುಡಿದವನಿಗೆ ಮಾತಾಡಲು ಸಂದು ಸಿಗದೆ, 'ಎರಡನೇ ಕುರ್ಚಿ' ಎಂಬ ಹೆಸರೇ ಉಳಿಯಿತು.

ಹೆಂಡತಿ ನೊರೆಯ ಬಟ್ಟಲು ಹಿಡಿದು ತಲೆದೆಸೆಯಲ್ಲಿ ನಿಂತಿದ್ದಳು. ಬೆಳಗ್ಗಿನಿಂದ ಕಣ್ಣಲ್ಲಿ ಒಂದು ಹನಿಯಿಲ್ಲ. ಹನ್ನೊಂದು ವರ್ಷದ ಹಿಂದೆ, ಒಂಬತ್ತು ವರ್ಷದ ಒಬ್ಬಳೇ ಮಗಳು ಮೂರು ದಿನದ ಜ್ವರಕ್ಕೆ ಹೋದಾಗಲೇ ಬಾವಿಗಟ್ಟಲೆ ಅತ್ತು ಮುಗಿಸಿದ್ದಳು.

"ಮೀಸೆ ಓರೆ ಆಯ್ತಲ್ಲೋ," ಎಂದರು ಹಳೆಯ ಗಿರಾಕಿ ಮೇಷ್ಟ್ರು.

"ಅದು ಹುಟ್ಟಾ ಓರೆ, ಮೇಷ್ಟ್ರೇ. ಬದುಕಿದ್ದಾಗ ಕೈ ಹಾಕೋಕೆ ಬಿಟ್ಟಿದ್ರೆ ತಾನೆ?"

ಆಗ ಬಂದರು ಪರವೂರಿನ ಶಾಲೆ ಸಂಘದ ಮೇಡಂ. ಗಲಭೆಯ ವರ್ಷ ಈ ಕಡೆಯಿಂದ ನದಿ ದಾಟಿ ಓಡಿ, ಪಕ್ಕದ ದೇಶದ ಡೇರೆಗಳಲ್ಲೇ ಉಳಿದುಹೋದವರ ಮಕ್ಕಳಿಗೆ ಫೀಸು ಹೊಂದಿಸುವ ಸಂಘ ಅದು. ಕ್ಷೌರಿಕ ಮಂಗಳವಾರದ ಗಳಿಕೆಯನ್ನೆಲ್ಲ ಅಲ್ಲಿನ ಒಬ್ಬ ಹುಡುಗಿಯ ಓದಿಗೆ ಕೊಡುತ್ತಿದ್ದುದು ಹೆಂಡತಿಗೆ ಗೊತ್ತಿತ್ತು. ಮೇಡಂ ಮಾತ್ರ ಯಾವಾಗಲೂ ಅಂಗಡಿಗೇ ಹೋಗಿ ಬರುತ್ತಿದ್ದವರು, ಮನೆಗೆ ಕಾಲಿಟ್ಟದ್ದು ಇದೇ ಮೊದಲು.

"ಧೈರ್ಯ ತಂದ್ಕೊಳ್ಳಿ ಅಮ್ಮ," ಎಂದರು ಅವರು. "ಮಗಳು ಬಂದಳಾ ಹಾಸ್ಟೆಲ್‌ನಿಂದ?"

ಕತ್ತಿ ನಿಂತಿತು.

"ಯಾರ ಮಗಳು?"

"ನಿಮ್ಮವಳೇ. ಹೋದ ತಿಂಗಳು ಇಪ್ಪತ್ತು ತುಂಬಿತಲ್ಲ?"

ಹೆಂಡತಿ ಬಟ್ಟಲು ಕೆಳಗಿಟ್ಟು, ಮೇಡಂ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಎರಡನೇ ಕುರ್ಚಿ ಅರ್ಧ ಕೆನ್ನೆಯನ್ನು ನೊರೆಯಲ್ಲೇ ಬಿಟ್ಟು ಹಿಂದೆ ಓಡಿದ.

*

ಸಂಘದಲ್ಲೊಂದು ಪದ್ಧತಿಯಿತ್ತು. ಫೀಸು ಕೊಡುವ ಮನೆಯ ಮಗು ಫೀಸು ಪಡೆಯುವ ಮಗುವಿಗೆ ಕಾಗದ ಬರೆಯಬೇಕು. ದೊಡ್ಡವರು ಬರೆದರೆ ಆ ಮಕ್ಕಳು ವಂದನೆ ಬಿಟ್ಟು ಬೇರೇನೂ ಬರೆಯುತ್ತಿರಲಿಲ್ಲವಂತೆ. ಮಗಳು ಒಂದೇ ಒಂದು ಕಾಗದ ಬರೆದಿದ್ದಳು: ಹಲ್ಲು ಬಿದ್ದದ್ದು, ಅಮ್ಮ ತಲೆ ಬಾಚುವಾಗ ಕೂದಲು ಕಿತ್ತುಹಾಕುವುದು. ಅದಕ್ಕೆ ಉತ್ತರ ಅಂಗಡಿಗೆ ಬಂದಾಗ ಅವಳು ಮಣ್ಣು ಸೇರಿ ಎಂಟು ದಿನ.

ಗಿರಾಕಿಯ ಅರ್ಧ ತಲೆ ಬಿಟ್ಟು ಕ್ಷೌರಿಕ ಓದಿದ. "ಅಕ್ಕಾ, ನನಗೆ ಅಪ್ಪ ಅಮ್ಮ ಇಲ್ಲ. ತಮ್ಮನೂ ನದೀಲಿ ಹೋದ. ನೀನು ಬರೀತಾನೇ ಇರು," ಎಂದಿತ್ತು.

"ಏನಂತ ಬರೀಲೋ ಇದಕ್ಕೆ?"

"ಇದ್ದದ್ದನ್ನ ಬರಿ," ಎಂದಿದ್ದ ಎರಡನೇ ಕುರ್ಚಿ.

"ಅಕ್ಕನೂ ಹೋದಳು ಅಂತಲಾ? ಏಳು ವರ್ಷದ ಕೂಸಿಗೆ?"

ಒಂದೇ ಸಲ ಎಂದುಕೊಂಡು ಮಗಳಾಗಿ ಬರೆದ. ಹನ್ನೊಂದು ವರ್ಷ ಬರೆದ. ಎರಡನೇ ಕುರ್ಚಿಗೆ ಮೂವರು ಹೆಣ್ಣುಮಕ್ಕಳು. ಹದಿನಾಲ್ಕಕ್ಕೆ ಯಾತಕ್ಕೆ ಮುನಿಸು, ಹದಿನಾರಕ್ಕೆ ಯಾತಕ್ಕೆ ದಡಾರನೆ ಬಾಗಿಲು ಹಾಕಿಕೊಳ್ಳುವುದು, ಎಲ್ಲವೂ ಅಲ್ಲಿಂದ ಸರಬರಾಜು. ಆದರೆ ಕ್ಷೌರಿಕನ ಕೈಗೆ ಬಂದದ್ದು ಅಷ್ಟಕ್ಕೇ ನಿಲ್ಲುತ್ತದೆಯೇ? ಮಗಳು ಓಟದಲ್ಲಿ ಬಸ್ಸನ್ನು ಹಿಂದೆ ಹಾಕಿದಳು, ನೀರಿನ ಟ್ಯಾಂಕಿನ ಮೇಲಿಂದ ಬಿದ್ದು ನೆಲಕ್ಕೇ ಬಿರುಕು ಬಿಡಿಸಿದಳು, ಬಾಗಿಲಿಗೆ ತಲೆ ತಾಗುವಷ್ಟು ಬೆಳೆದಳು.

*

"ನೀನೂ ಸೇರಿದ್ಯಾ ಇದರಲ್ಲಿ?" ಎಂದಳು ಹೆಂಡತಿ, ಎಲ್ಲ ಕೇಳಿದ ಮೇಲೆ.

"ನಿಮಗೆ ಹೇಳಿಬಿಡು ಅಂತ ಸಾವಿರ ಸಲ ಬಡ್ಕೊಂಡೆ ಅತ್ತಿಗೆ. ನಿಮ್ಮ ಮುಂದೆ ಅವಳ ಸುದ್ದಿ ಎತ್ತೋಕೇ ಅವನಿಗೆ ಭಯ."

"ಅಂದ್ರೆ ನನಗೊಬ್ಬಳಿಗೆ ಸತ್ತಳು. ನಿಮಗೆಲ್ಲ ಬೆಳೀತಾ ಇದ್ಳು."

ಎರಡನೇ ಕುರ್ಚಿ ಕೈಯಲ್ಲಿದ್ದ ಕತ್ತಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಮೇಡಂ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು.

"ನನಗೆ ಖಂಡಿತ ಗೊತ್ತಿರಲಿಲ್ಲಮ್ಮ. ಈಗ ಆ ಹುಡುಗಿ ಫೋನ್ ಮಾಡ್ತಾಳೆ. ಇವರು ಹೋದರು ಅಂತ ಬೆಳಗ್ಗೆ ಹೇಳಿ ಕಳಿಸಿದ್ದೆ, ಅಕ್ಕನ ಹತ್ರ ಮಾತಾಡಲೇಬೇಕು ಅಂತ ಹಟ. ಸೋಮವಾರ ಅವಳ ಕೊನೇ ಪರೀಕ್ಷೆ. ಒಂದು ಸಲ ಶಾಲೆ ಬಿಟ್ಟು ಕೂತೋಳು, ನಿಮ್ಮ ಮಗಳ ಕಾಗದಕ್ಕೇ ವಾಪಸ್ ಬಂದಿದ್ದು. ಇದನ್ನ ಕೇಳಿದ್ರೆ ಏನಾಗ್ತಾಳೋ!"

"ಹಾಸ್ಟೆಲ್‌ನಿಂದ ಇನ್ನೂ ಬಂದಿಲ್ಲ ಅಂದ್ರಾಯ್ತು," ಎಂದ ಎರಡನೇ ಕುರ್ಚಿ. "ಸೋಮವಾರ ಒಂದು ಕಳೀಲಿ. ಹನ್ನೊಂದು ವರ್ಷ ಹೇಳಿದೀವಿ, ಇನ್ನು ಮೂರು ದಿನಕ್ಕೆ ಏನು ಭಾರ?"

ಫೋನು ಬಡಿದುಕೊಂಡಿತು. ಹೆಂಡತಿ ಮೇಡಂ ಕೈಯಿಂದ ಕಿತ್ತುಕೊಂಡಳು.

"ಅಕ್ಕಾ?"

ಹನ್ನೊಂದು ವರ್ಷದಲ್ಲಿ ಈ ಮನೆಗೆ ಯಾರೂ ಮಗಳನ್ನು ಕೇಳಿಕೊಂಡು ಬಂದಿರಲಿಲ್ಲ. ಒಂದು 'ಹೂಂ' ಸಾಕಿತ್ತು, ಮಗಳು ಸೋಮವಾರದ ತನಕ ಬದುಕಿರುತ್ತಿದ್ದಳು. ಆ 'ಹೂಂ' ನಾಲಿಗೆ ತುದಿಗೆ ಬಂದು ಕೂತೂಬಿಟ್ಟಿತ್ತು.

"ನಾನು ಅವಳ ಅಮ್ಮ," ಎಂದಳು. "ಅಕ್ಕ ಇಲ್ಲ ಕಣಮ್ಮ. ನಿನ್ನ ಮೊದಲನೇ ಕಾಗದ ಬರೋದ್ರೊಳಗೇ ಹೋದಳು. ಆಮೇಲಿನದೆಲ್ಲ ಬರೆದಿದ್ದು ಅವಳಪ್ಪ."

ಎರಡನೇ ಕುರ್ಚಿ ತಲೆಯ ಮೇಲೆ ಕೈ ಹೊತ್ತುಕೊಂಡ. ಆ ಕಡೆ ಡೇರೆಯ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳುವುದಷ್ಟೇ ಕೇಳುತ್ತಿತ್ತು.

"ಶಾಲೆ ಬಿಟ್ರೆ ನದಿ ದಾಟಿ ಬಂದು ತಲೆ ಬೋಳಿಸ್ತೀನಿ ಅಂತ ಹೆದರಿಸಿದ್ದು?"

"ಅವರೇ. ಇನ್ಯಾರು?"

"ನೀವು ತಲೆ ಬಾಚುವಾಗ ಕೂದಲು ಕೀಳ್ತೀರಿ ಅಂದಿದ್ದು?"

"ಅದು ಅವಳೇ. ಅದು ನಿಜ."

"ಇನ್ಮೇಲೆ ಯಾರಿಗೋಸ್ಕರ ಓದಲಿ?"

"ಅವರ ಹಾಗೆ ಚೆಂದ ಮಾಡಿ ಹೇಳೋಕೆ ನನಗೆ ಬರಲ್ಲ. ಸೋಮವಾರ ಹೋಗಿ ಬರೆದು, ಏನೇನು ಪ್ರಶ್ನೆ ಬಂದಿತ್ತು ಅಂತ ನನಗೆ ಫೋನ್ ಮಾಡು. ಕಾಯ್ತಿರ್ತೀನಿ."

ಹುಡುಗಿ ಹೂಂ ಅನ್ನಲಿಲ್ಲ. ಫೋನೂ ಇಡಲಿಲ್ಲ.

"ಆ ಕಾಗದಗಳು ಇದಾವೇನೇ?" ಎಂದು ಕೇಳಿದಳು ಹೆಂಡತಿ, ದನಿ ತಗ್ಗಿಸಿ.

"ಎಲ್ಲಾ ಚೀಲದಲ್ಲಿ ತಂದಿದೀನಿ. ಅಪ್ಪನ ಬಗ್ಗೆ ಬರೆದದ್ದನ್ನ ಅಕ್ಕನಿಗೆ ಓದಿ ಹೇಳೋಣ, ಸಮಾಧಾನ ಆಗುತ್ತೆ ಅಂತ."

"ಓದು. ಮೊದಲಿಂದ ಓದು. ಹತ್ತು ವರ್ಷಕ್ಕೆ ಹೇಗಿದ್ಳು ಅಂತಾನೇ ನನಗೆ ಗೊತ್ತಿಲ್ಲ."

ಎರಡನೇ ಕುರ್ಚಿ ಕಣ್ಣೊರೆಸಿಕೊಂಡು ಉಳಿದರ್ಧ ಕೆನ್ನೆ ಮುಗಿಸಲು ಹೋದ. ಹೊರಗೆ ವ್ಯಾನು ಬಂದು ಹಾರ್ನ್ ಒತ್ತಿತು. ಮೇಷ್ಟ್ರು ಬಾಗಿಲಲ್ಲಿ ಇಣುಕಿ, "ಎತ್ತೋ ಹೊತ್ತಾಯ್ತಮ್ಮ, ಬಾ, ಕೊನೇ ಸಲ ಮುಖ ನೋಡ್ಕೊ," ಎಂದರು.

ಅವಳು ಗೋಡೆಗೊರಗಿ ನೆಲದ ಮೇಲೆ ಕೂತು, ಅವರಿಗೆ ತಡೆಯಿರಿ ಎಂದು ಬೆರಳೆತ್ತಿದಳು.

"ಹನ್ನೆರಡು ವರ್ಷ ತುಂಬ್ತು ಅವಳಿಗೆ," ಎಂದಳು ಫೋನಿಗೆ. "ಆಮೇಲೆ?"

ಹಾರ್ನ್ ಇನ್ನೊಮ್ಮೆ ಕೂಗಿತು. ಅವಳು ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು.