ಕನ್ನಡಿ ತೆಗೆದ ಗೋಡೆ

ಗುಬ್ಬಿ ತಿರುಗಲಿಲ್ಲ.

ಟೀಚರ್ ಇನ್ನೊಮ್ಮೆ ಕರೆದಳು. ಮಗುವಿನ ಬೆನ್ನ ಹಿಂದೆ ಮೂರಡಿ ದೂರ ನಿಂತು, ಕಿರುಚದೆ, ಪಿಸುಗುಟ್ಟದೆ, ಕಾಲೇಜಿನಲ್ಲಿ ಕಲಿಸಿದ ಪ್ರಕಾರ. ಎರಡು ವರ್ಷ ಒಂಬತ್ತು ತಿಂಗಳ ಹುಡುಗಿ ಚಾಪೆಯ ಮೇಲೆ ಕೂತು ಬಣ್ಣದ ಪ್ಲಾಸ್ಟಿಕ್ ಬಳೆಗಳನ್ನು ಮರದ ಗೂಟಕ್ಕೆ ಹಾಕುತ್ತಿದ್ದಳು. ಕೆಂಪು ಬಳೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಕಡೇ ದಿನಾನೂ ಸತಾಯಿಸ್ತೀಯಲ್ಲೇ," ಎನ್ನುತ್ತ ಟೀಚರ್ ಮೇಜಿನ ಮೇಲಿದ್ದ ಗಂಟೆ ಎತ್ತಿಕೊಂಡಳು.

ಬಾಗಿಲ ಫಲಕದ ಮೇಲೆ 'ವಾಕ್ ಚಿಕಿತ್ಸಕಿ' ಎಂದು ಬರೆದಿತ್ತು. ಆ ಪದವನ್ನು ಯಾವ ಅಪ್ಪ ಅಮ್ಮನೂ ಬಾಯಲ್ಲಿ ಹೊರಳಿಸಿದ್ದಿಲ್ಲ. ಮಾತು ತಡವಾದ ಪುಟ್ಟ ಮಕ್ಕಳಿಗೆ ಮಾತು ಬರಿಸುವವಳು, ಹಾಗಾಗಿ ಮಾತಿನ ಟೀಚರ್. ಈ ಕೇಂದ್ರಕ್ಕೆ ಸೇರಿ ಎರಡು ವರ್ಷವಾಗಿತ್ತು. ಗುಬ್ಬಿ ಬರತೊಡಗಿ ಆರು ತಿಂಗಳು. ಇವತ್ತು ಅವಳಿಗೆ ಬಿಡುಗಡೆ. ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ಸೋದರತ್ತೆಯ ಜೊತೆ ದೂರದ ಊರಿಗೆ ಹೋಗಿ ಅಲ್ಲೇ ಬೆಳೆಯುವುದೆಂದು ತೀರ್ಮಾನವಾಗಿತ್ತು. ಕಡೆಯ ವರದಿಯಲ್ಲಿ ಇಪ್ಪತ್ತು ಸಾಲು. ಹನ್ನೊಂದನೆಯದು 'ಶ್ರವಣ'. ಅದಕ್ಕೆ ನಾಲ್ಕು ತಿಂಗಳ ಹಿಂದೆಯೇ ಸರಿ ಗುರುತು ಹಾಕಿದ್ದಳು. ಅದನ್ನೇ ಇಳಿಸಿಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಮಗು ಹೇಗೂ ಬೆನ್ನು ತಿರುಗಿಸಿ ಕೂತಿದೆಯಲ್ಲ ಎಂದು ಕರೆದು ನೋಡಿದ್ದಷ್ಟೇ.

ಗಂಟೆ ಅಲ್ಲಾಡಿಸಿದಳು. ಗುಬ್ಬಿ ಹಳದಿ ಬಳೆ ಹುಡುಕುತ್ತಿದ್ದಳು.

ಮಗುವಿನ ಮುಖ ನೋಡಲೆಂದು ಟೀಚರ್ ಅಭ್ಯಾಸದಂತೆ ತಲೆಯೆತ್ತಿ ಎದುರಿನ ಗೋಡೆ ನೋಡಿದಳು. ಮುಖ ಕಾಣಲಿಲ್ಲ. ಕನ್ನಡಿಯೇ ಇರಲಿಲ್ಲ. ನಾಲ್ಕು ತೂತು, ಅವುಗಳ ನಡುವೆ ಉಳಿದ ಗೋಡೆಗಿಂತ ಬೆಳ್ಳಗಿದ್ದ ಒಂದು ಆಯತ. ಮೊನ್ನೆ ಒಬ್ಬ ಪೋರ ಮರದ ತುಂಡು ಬೀಸಿ ಒಡೆದಿದ್ದ. ನಿನ್ನೆ ಸಂಜೆ ಬಿಚ್ಚಿಕೊಂಡು ಹೋಗಿದ್ದರು. ಮಾತಿನ ಕೋಣೆಗೆ ಕನ್ನಡಿ ಇರಲೇಬೇಕು. ತನ್ನ ಬಾಯಿ, ಟೀಚರ ಬಾಯಿ ಎರಡನ್ನೂ ಮಗು ಒಟ್ಟಿಗೆ ನೋಡಬೇಕು. ಆರು ತಿಂಗಳಿಂದ ಗುಬ್ಬಿ ಕೂರುತ್ತಿದ್ದದ್ದು ಆ ಕನ್ನಡಿಗೆ ಮುಖ ಮಾಡಿಯೇ.

ಟೀಚರ್ ಗಂಟೆ ಕೆಳಗಿಟ್ಟಳು.

ಎದುರಿಗೆ ಬಂದು ಕೂತಳು. ಫೈಲಿನಿಂದ ಬಾಯಿ ಮುಚ್ಚಿಕೊಂಡು, "ಹಳದಿ ಬಳೆ ಕೊಡು," ಎಂದಳು. ಗುಬ್ಬಿ ಅವಳ ಕಣ್ಣು ನೋಡಿದಳು, ಫೈಲು ನೋಡಿದಳು. ಆಮೇಲೆ ಎರಡೂ ಕೈಯಿಂದ ಫೈಲನ್ನು ಕೆಳಕ್ಕೆ ತಳ್ಳಿದಳು, ಅಡ್ಡ ಬಂದ ಪರದೆ ಸರಿಸುವಂತೆ. ಟೀಚರ್ ಅದೇ ಮಾತನ್ನು ಈಗ ತುಟಿ ಕಾಣುವಂತೆ ಹೇಳಿದಳು. ಮಗು ತಟ್ಟನೆ ಹಳದಿ ಬಳೆ ಎತ್ತಿ ಕೊಟ್ಟಿತು.

'ಹೇಳಿದ್ದು ಅರ್ಥವಾಗುತ್ತದೆ, ಹತ್ತರಲ್ಲಿ ಏಳು' ಎಂದು ವಾರ ವಾರವೂ ಬರೆದಿದ್ದಳು. ಮಗು ಅವಳ ಮುಖವನ್ನು ಓದುತ್ತಿತ್ತು.

ಫೈಲಿನ ಮೊದಲ ಹಾಳೆಯಲ್ಲಿ ಹುಟ್ಟಿದ ಮೂರನೇ ದಿನದ ಕಿವಿ ಪರೀಕ್ಷೆಯ ಚೀಟಿ ಇತ್ತು. ಪಾಸ್. ಹುಟ್ಟುವಾಗ ಸರಿಯಿದ್ದ ಕಿವಿ ಆಮೇಲೂ ಕೆಡಬಹುದು ಎಂಬ ಒಂದು ಪ್ಯಾರಾವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡದ್ದು ನೆನಪಾಯಿತು. ಅದಕ್ಕಿಂತ ಕೆಟ್ಟ ನೆನಪು ಬೇರೊಂದಿತ್ತು. ಎರಡನೇ ತಿಂಗಳಲ್ಲಿ ಗುಬ್ಬಿಯ ಅಮ್ಮ ಕೇಳಿದ್ದಳು: "ಟೀಚರ್, ಬಾಗಿಲು ದಢಾರ್ ಅಂದ್ರೆ ತಿರುಗ್ತಾಳೆ, ನಾನು ಕೂಗಿದ್ರೆ ಇಲ್ಲ. ಕಿವೀದೇನಾದ್ರೂ ಇರಬಹುದಾ?" ಟೀಚರ್ ನಕ್ಕಿದ್ದಳು. "ಕಿವಿ ಅಲ್ಲಮ್ಮ, ಗಮನ ಇಲ್ಲ ಅಷ್ಟೇ. ನೋಡಿ," ಎಂದು ಮಗುವಿನ ಹಿಂದೆ ನಿಂತು ಇದೇ ಗಂಟೆ ಬಾರಿಸಿದ್ದಳು. ಮಗು ತಿರುಗಿತ್ತು. ಕನ್ನಡಿಯಲ್ಲಿ ಟೀಚರ ಕೈ ಮೇಲೇಳುವುದನ್ನು ನೋಡಿ ತಿರುಗಿತ್ತು. ಅಮ್ಮ ಮತ್ತೆ ಆ ಮಾತೆತ್ತಿರಲಿಲ್ಲ. ವರದಿಯಲ್ಲಿ ಟೀಚರ್ ಬರೆದಿದ್ದಳು: 'ಮನೆಯಲ್ಲಿ ತಾಯಿ ಮಾತಾಡುವುದು ಸಾಲದು.'

ಆ ಒಂದು ಸಾಲನ್ನು ನಂಬಿಯೇ ಮನೆಯವರು ಮಗುವನ್ನು ಅತ್ತೆಯ ಮನೆಗೆ ಕಳಿಸಲು ಹೊರಟಿದ್ದರು; ಕಾರಿಡಾರಿನ ಬೆಂಚಿನ ಪಕ್ಕ ಮಗುವಿನ ಬಟ್ಟೆ ತುಂಬಿದ ಚೀಲ ಬಂದು ಕೂತಿತ್ತು.

ಗಂಟೆ ಹತ್ತೂಮುಕ್ಕಾಲು. ಕಿವಿ ಪರೀಕ್ಷೆಯ ಕೋಣೆಗೆ ಫೋನ್ ಮಾಡಿದಳು. "ಎರಡು ತಿಂಗಳು ಖಾಲಿ ಇಲ್ಲ," ಎಂದ ಅಲ್ಲಿಯವನು. ಆಮೇಲೆ ಹಾಳೆ ಮಗುಚುವ ಸದ್ದು. "ನಾಳೆ ಎಂಟೂವರೆಗೆ ಒಬ್ರು ಬರಲ್ಲ ಅಂದಿದಾರೆ. ಮಗು ಗಾಢ ನಿದ್ದೇಲಿ ಇರ್ಬೇಕು, ಇಲ್ದಿದ್ರೆ ನನ್ನ ಟೈಮೂ ದಂಡ ನಿಮ್ಮ ಟೈಮೂ ದಂಡ. ಬರ್ಕೊಳ್ಲಾ?"

"ಬರ್ಕೊಳ್ಳಿ."

ಬರೆಸಿಯೇನೋ ಆಯಿತು. ಮಗು ಮಾತ್ರ ಒಂದು ಗಂಟೆಗೆ ಬಸ್ಸು ಹತ್ತುತ್ತದೆ.

ಟೀಚರ್ ನೇರ ಕೇಂದ್ರದ ಮುಖ್ಯಸ್ಥೆ ದೊಡ್ಡ ಮೇಡಂ ಹತ್ತಿರ ಹೋದಳು. ಅವರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನ್ನೂ ಯಾರಿಗೂ ಹೇಳಿಲ್ಲ ತಾನೇ?"

"ಇಲ್ಲ ಮೇಡಂ."

"ಹೇಳ್ಬೇಡ. 'ಕಿವಿ ಇನ್ನೊಮ್ಮೆ ತೋರಿಸಬೇಕು' ಅಂತ ಒಂದು ಚೀಟಿ ಬರೆದು ಫೈಲಲ್ಲಿಡು. ಆ ಊರಲ್ಲಿ ತೋರಿಸ್ಕೊಳ್ಲಿ."

"ಆ ಊರಲ್ಲಿ ಏನೂ ಇಲ್ಲ. ಚೀಟಿ ಚೀಲದಲ್ಲೇ ಕೊಳೆಯುತ್ತೆ."

"ನೋಡಮ್ಮ, ಅವರಪ್ಪ ಮುಂಗೋಪಿ. ಆರು ತಿಂಗಳು ಹಾಳು ಮಾಡಿದ್ರಿ ಅಂತ ಇಲ್ಲೇ ಕೂಗಾಡ್ತಾನೆ. ಮುಂದಿನ ತಿಂಗಳು ನಿನ್ನ ಗುತ್ತಿಗೆ ಮುಗಿಯುತ್ತೆ. ಮುಂದುವರಿಸಿ ಅಂತ ನಾನು ಯಾವ ಮುಖ ಇಟ್ಕೊಂಡು ಬರೀಲಿ?"

ಚೀಟಿ ಬರೆಯುವುದಕ್ಕೆ ಎರಡು ನಿಮಿಷ ಸಾಕು. ಯಾರೂ ಬೈಯುವುದಿಲ್ಲ. ಟೀಚರ್ ನಿಜವಾಗಿಯೂ ಚೀಟಿ ಬರೆದಳು, ಮಡಚಿದಳು, ಫೈಲಿನ ಕೊನೆಯ ಹಾಳೆಗೆ ಸಿಕ್ಕಿಸಿದಳು. ಫೈಲನ್ನು ಎದೆಗೊತ್ತಿಕೊಂಡು ಕೋಣೆಗೆ ಬಂದಾಗ ಮಗುವಿನ ಮನೆಯ ಮೂವರೂ ಒಳಗಿದ್ದರು, ಗುಬ್ಬಿ ಅವರಿಗೆ ಬೆನ್ನು ಹಾಕಿ ಬಳೆ ಜೋಡಿಸುತ್ತಿದ್ದಳು.

ಅಪ್ಪ ವ್ಯಾನ್ ಓಡಿಸುವವನು, ಬೀಗದ ಕೈ ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದ. ಅವನ ಅಕ್ಕ, ಅಂದರೆ ಮಗುವಿನ ಸೋದರತ್ತೆ, ಕೋಣೆಗಿದ್ದ ಒಂದೇ ದೊಡ್ಡ ಕುರ್ಚಿಯಲ್ಲಿ ತುಂಬಿಕೊಂಡಿದ್ದಳು. ಅಮ್ಮ ಗೋಡೆಗೊರಗಿ ನಿಂತಿದ್ದಳು. ಮಾತ್ರೆ ಡಬ್ಬಿ ತುಂಬುವ ಕಾರ್ಖಾನೆಯಿಂದ ನೇರ ಬಂದಿದ್ದಳು, ತಲೆಗೆ ಹಾಕುವ ಜಾಲರಿ ಟೋಪಿಯ ಗೆರೆ ಹಣೆಯ ಮೇಲೆ ಇನ್ನೂ ಇತ್ತು. ಕೈಯಲ್ಲಿ ನೋಟುಬುಕ್ಕು. ದಿನಕ್ಕೆ ಎಷ್ಟು ಹೊತ್ತು ಮಗುವಿನ ಜೊತೆ ಮಾತಾಡಿದೆ ಎಂದು ಬರೆದಿಡಲು ಟೀಚರ್ ಕೊಟ್ಟದ್ದು. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ. ಪ್ರತಿ ವಾರದ ಕೆಳಗೂ ಟೀಚರ ಕೆಂಪು ಅಕ್ಷರ: 'ಇನ್ನೂ ಹೆಚ್ಚು.' ಒಂದು ವಾರ ಅವಳು ಗಂಟಲು ಕಟ್ಟಿ ಪಿಸುದನಿಯಲ್ಲೇ ಮಾತಾಡಿದ್ದಳು. ಆ ವಾರವೂ ಟೀಚರ್ ಅದನ್ನೇ ಬರೆದಿದ್ದಳು.

"ಬೇಗ ಕೊಟ್ಬಿಡಿ ಟೀಚರಮ್ಮ," ಎಂದಳು ಅತ್ತೆ. "ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಹಿಡೀಬೇಕು. ನಮ್ಮನೇಲಿ ನಾಲ್ಕು ಮಕ್ಕಳಿವೆ, ನಿದ್ದೇಲೂ ಬಾಯಿ ಮುಚ್ಚಲ್ಲ. ಅವುಗಳ ಮಧ್ಯೆ ಬಿಟ್ರೆ ಮೂರೇ ತಿಂಗಳಲ್ಲಿ ಇದು ನನಗೇ ಎದುರುತ್ತರ ಕೊಡುತ್ತೆ. ಇಲ್ಲಿ ಏನಿದೆ? ತಾಯಿ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಮಗು ಯಾರ ಮಾತು ಕಲೀಬೇಕು?"

"ಅತ್ತಿಗೆ, ನಾನು ಮಾತಾಡ್ತೀನಿ," ಎಂದಳು ಅಮ್ಮ.

"ಗೋಡೆ ಹತ್ರ ಮಾತಾಡ್ತೀಯೇನೋ. ಟೀಚರಮ್ಮನೇ ಬರೆದಿದಾರಲ್ಲ, ನಾನಾ ಬರೆದಿದ್ದು?"

ಅಪ್ಪ ಫೈಲಿಗೆ ಕೈ ಚಾಚಿದ. "ಕೊಡಿ ಮೇಡಂ."

ಟೀಚರ್ ಫೈಲು ಬಿಡಲಿಲ್ಲ. ಒಂದು ಕ್ಷಣ ಇಬ್ಬರೂ ಅದನ್ನು ಹಿಡಿದುಕೊಂಡೇ ನಿಂತರು.

"ಅಮ್ಮಾ," ಎಂದಳು ಟೀಚರ್ ಅತ್ತೆಯ ಕಡೆ ತಿರುಗಿ, "ಒಂದ್ಸಲ ಮಗೂನ ಕರೀತೀರಾ? ಅಲ್ಲಿಂದಲೇ, ಹಿಂದಿನಿಂದ."

"ನಾನು ಕರೆದ್ರೆ ಎರಡು ಬೀದಿ ಆಚೆಗೂ ಕೇಳ್ಸುತ್ತೆ," ಎಂದು ಅತ್ತೆ ಗಂಟಲು ಸರಿಪಡಿಸಿಕೊಂಡಳು. "ಗುಬ್ಬೀ! ಏ ಗುಬ್ಬಮ್ಮಾ! ಬಾರೇ ಅತ್ತೆ ಹತ್ರ!"

ಪಕ್ಕದ ಕೋಣೆಯಲ್ಲಿ ಯಾರೋ ಬೆಚ್ಚಿದ ಸದ್ದಾಯಿತು. ಗುಬ್ಬಿ ಗೂಟಕ್ಕೆ ನೀಲಿ ಬಳೆ ಹಾಕಿದಳು.

"ಸೊಕ್ಕು," ಎಂದಳು ಅತ್ತೆ. ದನಿ ಸ್ವಲ್ಪ ಇಳಿದಿತ್ತು.

ಅಪ್ಪನಿಗೆ ರೇಗಿತು. "ಏಯ್!" ಎಂದು ಕಾಲು ಅಪ್ಪಳಿಸಿದ. ಹಳೆಯ ಕಟ್ಟಡ, ಹಲಗೆ ನೆಲ. ಗುಬ್ಬಿ ತಟಕ್ಕನೆ ತಿರುಗಿ ಅಪ್ಪನನ್ನು ನೋಡಿ ನಕ್ಕಳು.

"ನೋಡಿದ್ರಾ!" ಅತ್ತೆ ಕುರ್ಚಿಯಿಂದ ಅರ್ಧ ಎದ್ದಳು. "ಕಳ್ಳಿ! ಎಲ್ಲ ಕೇಳ್ಸುತ್ತೆ. ನಡಿಯೋ, ಹೊತ್ತಾಯ್ತು."

ಫೈಲು ಕೊಟ್ಟು ನಮಸ್ಕಾರ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎಂದು ಟೀಚರಿಗೆ ಗೊತ್ತಿತ್ತು.

"ಸರ್, ಅಂಗೈ ನೆಲದ ಮೇಲಿಡಿ," ಎಂದಳು.

"ಯಾಕೆ?"

"ಇಡಿ."

ಅವನು ಬಗ್ಗಿ ಅಂಗೈ ಊರಿದ. ಟೀಚರ್ ಕಾಲು ಅಪ್ಪಳಿಸಿದಳು. ಹಲಗೆ ಅದುರಿದ್ದು ಅಂಗೈಗೆ ತಟ್ಟಿ, ಅವನು ಕೈಯನ್ನೇ ನೋಡಿಕೊಂಡ. ಟೀಚರ್ ಮೂಲೆಯಲ್ಲಿದ್ದ ದಪ್ಪ ಫೋಮ್ ಹಾಸಿಗೆ ಎಳೆದು ತಂದು, ಮಗುವನ್ನು ಬಳೆಗಳ ಸಮೇತ ಅದರ ಮೇಲೆ ಕೂರಿಸಿದಳು.

"ಈಗ ಕರೀರಿ. ಕಾಲು ಬೇಡ, ಬಾಯಿ ಮಾತ್ರ."

ಅಪ್ಪ ಕರೆದ. ಮೊದಲು ಸಿಟ್ಟಿನಿಂದ, ಆಮೇಲೆ ಜೋರಾಗಿ, ಆಮೇಲೆ ರಮಿಸುವವನ ಹಾಗೆ. ನಾಲ್ಕನೆಯ ಸಲ ಅವನ ದನಿ ಒಡೆಯಿತು. ಬೀಗದ ಕೈ ಬೆರಳಿನಿಂದ ಜಾರಿ ಹಲಗೆಯ ಮೇಲೆ ಠಣ್ಣೆಂದಿತು. ದೊಡ್ಡವರೆಲ್ಲ ಬೆಚ್ಚಿದರು. ಫೋಮಿನ ಮೇಲೆ ಗುಬ್ಬಿ ಹಳದಿ ಬಳೆಯ ತೂತಿನಲ್ಲಿ ಕಣ್ಣಿಟ್ಟು ಗೂಟವನ್ನು ನೋಡುತ್ತಿದ್ದಳು.

"ಕಿವಿ ಕೇಳಿಸ್ತಿಲ್ಲ," ಎಂದಳು ಟೀಚರ್. "ಎಷ್ಟು ಅಂತ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ. ನಾಳೆ ಎಂಟೂವರೆಗೆ ಹೇಳಿದೀನಿ. ಇವತ್ತು ಕರ್ಕೊಂಡು ಹೋಗ್ಬೇಡಿ."

ಅಮ್ಮ ಗೋಡೆ ಬಿಟ್ಟು ಮುಂದೆ ಬಂದಳು.

"ಆವತ್ತು ಗಂಟೆ ಬಾರಿಸಿದ್ರಲ್ಲ," ಎಂದಳು. "ತಿರುಗಿದ್ಲಲ್ಲ."

ಬಾಗಿಲಲ್ಲಿ ದೊಡ್ಡ ಮೇಡಂ ಬಂದು ನಿಂತಿದ್ದರು. ಯಾವಾಗ ಬಂದರೋ. ಅವರ ಕಣ್ಣು ಟೀಚರ ಮೇಲೆಯೇ ಇತ್ತು. ಈ ನಾಲ್ಕು ತಿಂಗಳಲ್ಲೇ ಕಿವಿ ಕೆಟ್ಟಿರಬಹುದು, ಹಾಗೂ ಆಗುತ್ತದೆ, ಎಂದುಬಿಡಬಹುದಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

"ಆಗ ಈ ಗೋಡೆ ಮೇಲೆ ಕನ್ನಡಿ ಇತ್ತು," ಎಂದಳು ಟೀಚರ್. "ಅದರಲ್ಲಿ ನನ್ನ ಕೈ ನೋಡಿ ತಿರುಗಿದ್ಲು. ನೀವು ಹೇಳಿದ್ದೇ ಸರಿ ಇತ್ತು. ನಾನು ತಪ್ಪು ಮಾಡ್ದೆ."

"ಆರು ತಿಂಗಳು..." ಎಂದು ಅಪ್ಪ ಮೇಲೆದ್ದ. ಮುಖ ಕೆಂಪಾಗಿತ್ತು. "ಆರು ತಿಂಗಳು ಏನು ಮಾಡ್ತಾ ಇದ್ರಿ ನೀವು? ನಾನು ಇವಳನ್ನ... ದಿನಾ ಇವಳನ್ನ..."

ಅವನು ಹೆಂಡತಿಯ ಕಡೆ ನೋಡಿ ಮಾತು ನುಂಗಿದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ನೋಟುಬುಕ್ಕನ್ನು ಟೀಚರ ಮುಂದೆ ಮೇಜಿನ ಮೇಲಿಟ್ಟಳು.

"ಬರೀರಿ."

"ಏನು?"

"ಈಗ ಹೇಳಿದ್ರಲ್ಲ, ಅದನ್ನ. ಆ ಕೆಂಪು ಪೆನ್ನಲ್ಲೇ ಬರೀರಿ. ವರದೀಲೂ ಬರೀರಿ."

ಟೀಚರ್ ಕೂತಳು. ದೊಡ್ಡ ಮೇಡಂ ಕೆಮ್ಮಿದರು. ಟೀಚರ್ ವರದಿಯಲ್ಲಿ 'ತಾಯಿ ಮಾತಾಡುವುದು ಸಾಲದು' ಎಂಬ ಸಾಲಿನ ಮೇಲೆ ಗೆರೆ ಎಳೆದಳು, ಪಕ್ಕದಲ್ಲಿ 'ಇದು ತಪ್ಪು' ಎಂದು ಬರೆದಳು. ಹನ್ನೊಂದನೆಯ ಸಾಲಿನ ಗುರುತು ಹೊಡೆದು ಹಾಕಿ ಸಹಿ ಮಾಡಿ, ತಾರೀಕು ಹಾಕಿದಳು. ನೋಟುಬುಕ್ಕಿನಲ್ಲಿ, ಎಲ್ಲ 'ಇನ್ನೂ ಹೆಚ್ಚು'ಗಳ ಕೆಳಗೆ, ಅದನ್ನೇ ಮತ್ತೆ ಬರೆದಳು. ಅಮ್ಮ ಓದಿ ನೋಡಿ ಪುಸ್ತಕ ಮುಚ್ಚಿದಳು.

"ಮಗು ನಾಳೆ ನಿದ್ದೇಲಿ ಇರ್ಬೇಕು," ಎಂದಳು ಟೀಚರ್. "ಬೆಳಿಗ್ಗೆ ನಾಲ್ಕಕ್ಕೇ ಎಬ್ಬಿಸಿ. ದಾರೀಲಿ ಮಲಗೋಕೆ ಬಿಡಬೇಡಿ. ಅಲ್ಲಿ ಹೋದ್ಮೇಲೇ ಮಲಗಿಸ್ಬೇಕು."

"ಅದು ನಂಗೆ ಬರುತ್ತೆ," ಎಂದಳು ಅಮ್ಮ. ಮಗುವನ್ನು ಎತ್ತಿಕೊಂಡಳು. ಕೆಳಗಿದ್ದ ಬೀಗದ ಕೈಯನ್ನು ಕಾಲಿನಿಂದ ಗಂಡನ ಕಡೆ ಸರಿಸಿದಳು. ಬಾಗಿಲಲ್ಲಿ ನಿಂತು ದೊಡ್ಡ ಮೇಡಂಗೆ ಹೇಳಿದಳು: "ಇನ್ಮೇಲೆ ಇವರ ಹತ್ರ ಬೇಡ. ಬೇರೆ ಟೀಚರ್ ಹಾಕ್ಕೊಡಿ."

ಅತ್ತೆ ಎಲ್ಲರಿಗಿಂತ ಕೊನೆಗೆ ಎದ್ದಳು. ಕಾರಿಡಾರಿನಲ್ಲಿ ಚೀಲ ಎತ್ತಿಕೊಂಡು, ಬಸ್ ನಿಲ್ದಾಣದ ಕಡೆಯ ಮೆಟ್ಟಿಲು ಬಿಟ್ಟು ತಮ್ಮನ ವ್ಯಾನಿನ ಕಡೆ ಇಳಿದಳು. "ನಾನೇನು ಕಂಡೆನೇ ತಾಯಿ, ಬರೆದವರು ಅವರು," ಎನ್ನುವುದು ಕೆಳಗಿನ ತನಕ ಕೇಳಿಸುತ್ತಿತ್ತು.

ದೊಡ್ಡ ಮೇಡಂ ತಮ್ಮ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಇಬ್ಬರು ಹೊಸ ಕನ್ನಡಿಯನ್ನು ಕಾಗದ ಸುತ್ತಿ ಹೊತ್ತು ತಂದು ಬಾಗಿಲಲ್ಲಿ ನಿಂತರು.

"ಅದೇ ಜಾಗಕ್ಕೆ ಹಾಕೋದಾ ಮೇಡಂ?"

"ಇವತ್ತು ಬೇಡ. ಹೊರಗಿಡಿ."

ಟೀಚರ್ ಬೀರು ತೆರೆದಳು. ಈ ಕೋಣೆಯಲ್ಲಿ, ಆ ಕನ್ನಡಿಯ ಎದುರು ಕೂತ ಮಕ್ಕಳ ಫೈಲುಗಳು ಇನ್ನೂ ಹದಿನೆಂಟು ಇದ್ದವು. ಒಂದೊಂದನ್ನೂ ತೆಗೆದು ಹನ್ನೊಂದನೆಯ ಸಾಲು ನೋಡಿದಳು. ಎಲ್ಲದರಲ್ಲೂ ಅವಳದೇ ಗುರುತು, ಒಂದೇ ಎಳೆತ, ಒಂದಿಷ್ಟೂ ಅಳುಕಿಲ್ಲದ್ದು. ಗಂಟೆಯನ್ನು ಮೇಜಿನ ತುದಿಗಿಟ್ಟು, ಫೋಮ್ ಹಾಸಿಗೆಯನ್ನು ಬರಿ ಗೋಡೆಯ ಎದುರಿಗೆ ಎಳೆದಳು. ಹನ್ನೊಂದೂವರೆ ಗಂಟೆಗೆ ಬರಬೇಕಿದ್ದ ಹುಡುಗ ಅಜ್ಜಿಯ ಕೈ ಹಿಡಿದು ಕಾರಿಡಾರಿನಲ್ಲಿ ಬರುತ್ತಿದ್ದ.

"ಇವತ್ತು ಆಟ ಆಮೇಲೆ," ಎಂದಳು ಅಜ್ಜಿಗೆ. "ಮೊದಲು ಬೆನ್ನು ಹಾಕಿ ಕೂರ್ಸಿ."