ಗಾಡಿ ಬರುವವರೆಗೆ

ನಮ್ಮಪ್ಪ ಲಾರಿ ಡ್ರೈವರ್. ತಾತನೂ ಅದೇ ಕೆಲಸದಲ್ಲಿದ್ದವರು. ಗಂಡ ದೂರದ ಟ್ರಿಪ್ಪಿನಿಂದ ಹಿಂತಿರುಗುವ ದಿನ, ದಾರಿಯಲ್ಲಿ ಅವನಿಗೇನೂ ಆಗದಿರಲೆಂದು, ಗಾಡಿ ಮನೆ ಮುಂದೆ ನಿಲ್ಲುವವರೆಗೆ ಹೆಂಡತಿ ಬಾಯಿಗೆ ಏನೂ ಹಾಕಬಾರದು ಎಂಬುದು ನಮ್ಮ ಮನೆಯ ನೇಮ. ಅಜ್ಜಿ ಮೂವತ್ತು ವರ್ಷ ನಡೆಸಿದ್ದು ಅಮ್ಮನಿಗೆ ಬಂತು. ಆ ದಿನ ಹಸಿವು ಗೊತ್ತಾಗದಿರಲೆಂದು ಅಮ್ಮ ಕಪಾಟಿನ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದಳು. "ನನ್ನ ಗಾಡಿ ಬ್ರೇಕು ನಮ್ಮವಳ ಹೊಟ್ಟೇಲಿದೆ ಕಣ್ರೋ" ಎಂದು ಅಪ್ಪ ಗೆಳೆಯರ ಮುಂದೆ ಬೀಗುತ್ತಿದ್ದರಂತೆ. ಅದನ್ನು ಮನೆಯಲ್ಲೂ ಹೇಳುವರು. ಅಮ್ಮ ನಗುವಳು.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು, ಮಾತ್ರೆಗೆ ಬಗ್ಗದೆ ಇನ್ಸುಲಿನ್ ಶುರುವಾಯಿತು. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು. ಆದರೆ ಆಸ್ಪತ್ರೆಗೆ ಅವಳ ಜೊತೆ ಹೋಗುತ್ತಿದ್ದವಳು ನಾನೇ. ಸೂಜಿ ಹಿಡಿಯುವುದನ್ನು ಕಲಿಸಿದ ನರ್ಸಮ್ಮ ಬಿಡಿಸಿ ಹೇಳಿದ್ದರು.

"ನೋಡಮ್ಮ, ಈ ಔಷಧಿ ರಕ್ತದಲ್ಲಿರೋ ಸಕ್ಕರೇನ ಇಳಿಸುತ್ತೆ. ನೀವು ಊಟ ಮಾಡಿದ್ದೀರೋ ಇಲ್ವೋ ಅಂತ ಅದಕ್ಕೆ ಗೊತ್ತಾಗಲ್ಲ. ಚುಚ್ಚಿಕೊಂಡ ಅರ್ಧ ಗಂಟೇಲಿ ತಿನ್ನಲೇಬೇಕು. ಮೈ ಬೆವರಿ ನಡುಗಿದ್ರೆ ತಕ್ಷಣ ಸಕ್ಕರೆ ನೀರು ಕುಡೀರಿ."

ಅಮ್ಮ ನೇಮದ ವಿಷಯ ಕೇಳಿದಾಗ, ಅದನ್ನು ಇವತ್ತಿಗೇ ಬಿಡಿ ಎಂದರು.

ಮನೆಯಲ್ಲಿ ಅಮ್ಮ ಇದನ್ನು ಹೆದರುತ್ತಲೇ ಹೇಳಿದಳು. ಅಜ್ಜಿ ಕೆಟ್ಟವರಲ್ಲ, ಬಹಳ ಹೊತ್ತು ಯೋಚಿಸಿದರು.

"ಸೂಜಿ ಚುಚ್ಚಿಕೋ, ಯಾರು ಬೇಡ ಅಂದ್ರು? ಸೂಜಿ ಊಟ ಅಲ್ವಲ್ಲ, ನೇಮ ಕೆಡಲ್ಲ. ಗಾಡಿ ಬಂದ್ಮೇಲೆ ತಿಂದರಾಯ್ತು. ಮೂವತ್ತು ವರ್ಷ ಹಸಿದೆ ನಾನು, ನಿಮ್ಮ ಮಾವನ ಗಾಡಿಗೆ ಒಂದು ಗೀರು ಬಿದ್ದಿತ್ತಾ?"

ನರ್ಸಮ್ಮ, ಅತ್ತೆ ಇಬ್ಬರ ಮಾತೂ ಉಳಿಯಿತೆಂದು ಅಮ್ಮನಿಗೆ ಸಮಾಧಾನವಾಯಿತು. ಇದು ತಪ್ಪೆಂದು ನನಗೆ ಗೊತ್ತಿತ್ತು. ಬಾಗಿಲ ಮರೆಯಲ್ಲಿ ನಿಂತಿದ್ದೆ; ಹಿರಿಯರ ನಡುವೆ ಬಾಯಿ ಹಾಕಿ ಅಭ್ಯಾಸವಿರಲಿಲ್ಲ.

ಎರಡು ಮೂರು ಸಲ ಅಪ್ಪ ಬೆಳಗ್ಗೆ ಬೇಗನೇ ಬಂದುಬಿಟ್ಟರು. ಏನೂ ಆಗಲಿಲ್ಲ. ಅಜ್ಜಿ ಹೇಳಿದ್ದೇ ಸರಿ ಎನಿಸಿತು.

ಆ ದಿನ ಒಂಬತ್ತಕ್ಕೆ ಬರಬೇಕಾದವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಅಮ್ಮ ಎಂಟೂವರೆಗೇ ಚುಚ್ಚಿಕೊಂಡಿದ್ದಳು. ಹನ್ನೊಂದಕ್ಕೆ ಅವಳ ಕುತ್ತಿಗೆಯಿಂದ ಬೆವರಿಳಿಯತೊಡಗಿತು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆದಳು. ನನ್ನನ್ನು ತೀರಿಹೋದ ತನ್ನ ತಂಗಿಯೆಂದುಕೊಂಡು ಮಾತಾಡಿಸಿದಳು. ನಾನು ಸಕ್ಕರೆ ನೀರು ಕದಡಿ ತಂದೆ. ಅವಳು ಬೇಡವೆಂದು ತಲೆಯಾಡಿಸಿ ಅಜ್ಜಿಯ ಕಡೆ ನೋಡಿದಳು.

"ಇಷ್ಟೊತ್ತು ತಡೆದಿದ್ದಾಳೆ. ಅವನಿನ್ನೂ ದಾರೀಲಿದ್ದಾನೆ ಕಣೇ, ಈಗ ಕೆಡಿಸ್ಬೇಡ," ಎಂದರು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ, ಮಗನಿಗೇನಾಯಿತೋ ಎಂಬ ಭಯವಿತ್ತು. ನಾನು ಲೋಟವನ್ನು ಒಳಗೆ ಒಯ್ದು ಇಟ್ಟೆ. ಇಟ್ಟವಳು ನಾನೇ. ಯಾರೂ ನನ್ನ ಕೈ ಹಿಡಿದಿರಲಿಲ್ಲ.

ಸ್ವಲ್ಪ ಮಲಗುತ್ತೇನೆಂದು ಅಮ್ಮ ಗೋಡೆಯ ಪಕ್ಕ ಒರಗಿದಳು. ಸುಸ್ತಾಗಿದೆ, ಮಲಗಲಿ ಎಂದರು ಅಜ್ಜಿ. ಗಾಡಿ ಬಂದಾಗ ಎರಡು ಗಂಟೆ. ಎಷ್ಟು ಅಲುಗಿಸಿದರೂ ಅವಳು ಏಳಲಿಲ್ಲ.

ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸಕ್ಕರೆ ಏರಿಸಿದರು. ಮಿದುಳು ಬಹಳ ಹೊತ್ತು ಸಕ್ಕರೆಯಿಲ್ಲದೆ ಇದ್ದುಬಿಟ್ಟಿದೆ ಎಂದರು ಡಾಕ್ಟರು. ಅಪ್ಪ ಗೋಡೆಗೆ ಮುಖ ಮಾಡಿ, ತಾವು ತಡವಾದ ಕಾರಣ ಹೇಳಿದರು: ದಾರಿಯ ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು, ನಿದ್ದೆ ತಡೆಯಲಾರದೆ ಗಾಡಿಯಲ್ಲೇ ನಾಲ್ಕು ಗಂಟೆ ಮಲಗಿಬಿಟ್ಟಿದ್ದರು. ಅಮ್ಮ ಕಣ್ಣು ತೆರೆಯದೆಯೇ ಮೂರನೆಯ ದಿನ ಹೋದಳು.

ಮಾತಾಡಿಸಲು ಬಂದವರೆಲ್ಲ, ನೇಮ ಕೆಡಿಸದೆ ಹೋದ ಪುಣ್ಯವಂತೆ ಎಂದು ಹೊಗಳಿದರು. ನಿಮ್ಮ ಮನೆಯಲ್ಲೂ ಇಂಥದ್ದೊಂದು ನೇಮವಿರಬಹುದು. ಸೂಜಿ ಚುಚ್ಚಿಕೊಂಡವರಿಗೆ ಮೊದಲು ಬಡಿಸಿ, ಹೊಗಳುವುದು ಆಮೇಲಿರಲಿ.

ಅಪ್ಪ ಮತ್ತೆ ಗಾಡಿ ಹತ್ತಿದರು. ಅವರು ಹಿಂತಿರುಗುವ ದಿನ, ಹೆಂಡತಿಯಿಲ್ಲದ ಮನೆಯಲ್ಲಿ ಮಗಳು ನೇಮ ಹಿಡಿಯಬೇಕೆಂದು ಅಜ್ಜಿ ಹೇಳಿದರು. ನಾನು ತಟ್ಟೆಗೆ ಬಡಿಸಿಕೊಂಡು ಅವರೆದುರಿಗೇ ಕುಳಿತೆ.

"ನಾನು ತಿಂತೀನಿ ಅಜ್ಜಿ. ನೀವೂ ಬನ್ನಿ."

ಅವರು ಬರಲಿಲ್ಲ, ತಡೆಯಲೂ ಇಲ್ಲ. ನಾನು ಮೊದಲ ತುತ್ತು ಕಲಸಿ ತಿಂದೆ.

ಮಧ್ಯಾಹ್ನ ಅಪ್ಪ ದಾರಿಯಿಂದ ಫೋನ್ ಮಾಡಿದರು. "ಊಟ ಆಯ್ತಾ ಮಗಳೇ?" ಎಂದರು. ಆಯಿತೆಂದೆ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅವರು ದಾರಿಯಿಂದ ಅಮ್ಮನನ್ನು ಹಾಗೆ ಕೇಳಿರಲಿಲ್ಲ.